ಸಿಹಿ ಕೋಣೆಯ ನಾಲ್ಕನೆಯವನು

"ಡಬ್ಬಿಯಲ್ಲಿ ಏನೂ ಇಲ್ಲ ಮೇಡಂ," ಎಂದು ಪ್ರಯೋಗಾಲಯದವನು ಫೋನಿನಲ್ಲಿ ಮೂರನೆಯ ಸಲ ಹೇಳಿದ. "ಹೊಟ್ಟು, ಒಣಗಿದ ಸೊಪ್ಪಿನ ಪುಡಿ, ಒಂಚೂರು ಉಪ್ಪು. ಇದನ್ನ ತಿಂದ್ರೆ ತೂಕ ಇಳಿಯೋದೂ ಇಲ್ಲ, ಪ್ರಾಣ ಹೋಗೋದೂ ಇಲ್ಲ."

ಜಿಗಣೆ ಫೋನು ಕುಕ್ಕಿದಳು. ಹಿಡಿದದ್ದನ್ನು ಬಿಡುವವಳಲ್ಲ ಎಂದು ಠಾಣೆಯವರು ಬೆನ್ನ ಹಿಂದೆ ಇಟ್ಟ ಹೆಸರು ಅದು. ಇಪ್ಪತ್ತೆರಡು ವರ್ಷದ ಪತ್ತೇದಾರಿಕೆಯಲ್ಲಿ ಅದು ಅವಳ ಕಿವಿಗೂ ಬಿದ್ದಿತ್ತು, ಒಳಗೊಳಗೇ ಹಿಡಿಸಿಯೂ ಇತ್ತು. ಆದರೆ ಕಚ್ಚಿ ಹಿಡಿಯಲು ಏನಾದರೂ ಸಿಗಬೇಕಲ್ಲ? ಈ ಪ್ರಕರಣದಲ್ಲಿ ಕೈ ಹಾಕಿದಲ್ಲೆಲ್ಲ ಬರೀ ಹೊಟ್ಟು.

ಹೊಲಿಗೆ ಯಂತ್ರ ರಿಪೇರಿ ಮಾಡುವ ಕಾರ್ಖಾನೆಯ ಡೋಲಣ್ಣ ಭಾನುವಾರ ಮೈಯೆಲ್ಲ ಹಳದಿಯಾಗಿ ಆಸ್ಪತ್ರೆ ಸೇರಿದ್ದ. ಲಿವರ್ ಪೂರಾ ಕೈಕೊಟ್ಟಿತ್ತು. ತೂಕ ಇಳಿಸುವ ಪುಡಿಯಲ್ಲಿ ಹೆಂಡತಿಯೇ ವಿಷ ಬೆರೆಸಿದ್ದಾಳೆಂದು ಅವನ ಅಕ್ಕ ಸೋಮವಾರ ದೂರು ಕೊಟ್ಟಿದ್ದಳು. ಇವತ್ತು ಮಂಗಳವಾರ.

ಪುಡಿಯಲ್ಲಿ ವಿಷವಿಲ್ಲ ಎಂದು ಜಿಗಣೆ ಹೋಗಿ ಹೇಳಿದರೆ ದೊಡ್ಡ ಸಾಹೇಬರು ಕಡತದಿಂದ ತಲೆಯನ್ನೇ ಎತ್ತಲಿಲ್ಲ. ವಿಷ ಇದ್ದ ಡಬ್ಬಿ ಎಸೆದು ಬೇರೆ ಡಬ್ಬಿ ಇಟ್ಟಿರುತ್ತಾಳೆ, ಅಷ್ಟೂ ತಿಳಿಯುವುದಿಲ್ಲವೇ ಎಂದರು. ವಿಷ ಸಿಕ್ಕಿದ್ದರೆ ಅದು ಸಾಕ್ಷಿ. ಸಿಗದಿದ್ದರೆ ಅದೂ ಸಾಕ್ಷಿ. ಇಂಥ ಬುದ್ಧಿವಂತಿಕೆಯ ಮುಂದೆ ಏನು ವಾದ ಮಾಡುವುದು?

"ಸಂಜೆ ಐದರೊಳಗೆ ಬೇರೆ ಕಾರಣ ತೋರಿಸ್ರೀ," ಎಂದರು ಸಾಹೇಬರು. "ಇಲ್ಲಾಂದ್ರೆ ಅವಳನ್ನ ಒಳಗೆ ಹಾಕ್ತೀನಿ."

ಹಿಂದಿನ ಕೋಣೆಯ ಬೆಂಚಿನ ಮೇಲೆ ಆ ಹೆಂಗಸು ನಿನ್ನೆಯಿಂದ ಕೂತಿದ್ದಳು. ಮನೆಯಲ್ಲೇ ಬಟ್ಟೆ ಹೊಲಿಯುವವಳು. ಸೂಜಿಯಿಲ್ಲದಿದ್ದರೂ ಕೈ ಸುಮ್ಮನಿರದು. ಕರವಸ್ತ್ರದ ಅಂಚನ್ನು ಮಡಿಸುವುದು, ಬಿಚ್ಚುವುದು, ತಿರುಗಿ ಮಡಿಸುವುದು. ಹನ್ನೊಂದು ವರ್ಷದ ಮಗಳು ಪಕ್ಕದ ಮನೆಯಲ್ಲಿದ್ದಳು. ಅಪ್ಪ ಸತ್ತು ಅಮ್ಮ ಜೈಲಿಗೆ ಹೋದರೆ ಆ ಹುಡುಗಿಯೂ ಅಪ್ಪನ ಮನೆಯೂ ಸೇರುವುದು ದೂರು ಕೊಟ್ಟ ಸೋದರತ್ತೆಯ ಕೈಯನ್ನೇ.

ಗಂಡನ ಕೆಲಸದ ಬಗ್ಗೆ ಜಿಗಣೆ ಇನ್ನೊಮ್ಮೆ ಕೇಳಿದಳು.

"ನಂಗೇನೂ ಗೊತ್ತಿಲ್ಲ ಮೇಡಂ. ಆ ಕಾರ್ಖಾನೆ ಬಾಗಿಲು ಸಹ ನೋಡಿಲ್ಲ. ಎಣ್ಣೆ ವಾಸನೆ ಹೊತ್ಕೊಂಡು ಮನೆಗೆ ಬರ್ತಿದ್ರು, ಅಷ್ಟೇ."

ಜಿಗಣೆ ನಂಬಿದಳು. ನಂಬಿದ್ದಕ್ಕೆ ಕಾರಣ ಬರೆದುಕೊಡಿ ಎಂದರೆ ಬರೆಯಲು ಅವಳ ಹತ್ತಿರ ಏನೂ ಇರಲಿಲ್ಲ.

ಲಿವರ್ ಡಾಕ್ಟರು ಕಡ್ಡಿಯಂಥ ಮನುಷ್ಯ. ಕುರ್ಚಿ ತೋರಿಸುವ ಮೊದಲು ಜಿಗಣೆಯ ಸೊಂಟದ ಕಡೆ ಒಂದು ನೋಟ ಹರಿಸಿದರು. ಅವಳಿಗೆ ಮೈ ಉರಿಯಿತು. ತೂಕದ ವಿಷಯದಲ್ಲಿ ಮನೆಯಲ್ಲಿ ಗಂಡನ ಹತ್ತಿರ ಕೇಳಿಸಿಕೊಳ್ಳುವುದೇ ಸಾಕಾಗಿತ್ತು.

ಅವಳ ಪ್ರಶ್ನೆ ಒಂದೇ. ಕಾರ್ಖಾನೆಯಲ್ಲಿ ಒಂದು ಹಿಂದಿನ ಕೋಣೆಯಿದೆ. ಯಂತ್ರದ ಬಿಡಿಭಾಗಗಳ ಹಳೇ ಜಿಡ್ಡು ಬಿಡಿಸಲು ಅಲ್ಲಿ ಒಂದು ತೊಟ್ಟಿಯ ತುಂಬ ದ್ರಾವಕ ಇಟ್ಟಿರುತ್ತಾರೆ. ಸಿಹಿಸಿಹಿ ವಾಸನೆ ಬರುವುದರಿಂದ ಕೆಲಸದವರು ಅದನ್ನು 'ಸಿಹಿ' ಎನ್ನುತ್ತಾರೆ. ಕಳೆದ ಬುಧವಾರ ಅಲ್ಲಿನ ಗಾಳಿ ಹೊರಹಾಕುವ ಫ್ಯಾನು ಸುಟ್ಟುಹೋಯಿತು. ಗುರುವಾರ, ಶುಕ್ರವಾರ, ಶನಿವಾರ ನಾಲ್ಕು ಜನ ದಿನಕ್ಕೆ ಒಂದೊಂದು ಗಂಟೆಯಂತೆ ಅಲ್ಲಿ ಕೂತು ಕೆಲಸ ಮಾಡಿದರು. ಒಂದೇ ಕೋಣೆ, ಒಂದೇ ಗಾಳಿ, ಅಷ್ಟೇ ಹೊತ್ತು. ಮೂವರು ತಲೆನೋವು ಬಂತೆಂದು ಗೊಣಗಿ ಸುಮ್ಮನಾದರು. ನಾಲ್ಕನೆಯವನು ಸಾಯುವ ಸ್ಥಿತಿಗೆ ಬಂದದ್ದು ಹೇಗೆ?

"ಅವರ ತೂಕ ನೂರಿಪ್ಪತ್ತೆಂಟು ಕಿಲೋ," ಎಂದರು ಡಾಕ್ಟರು.

"ದಪ್ಪ ಇರೋರಿಗೆ ಏನೇ ಆದ್ರೂ ದಪ್ಪವೇ ಕಾರಣ ಅಂತೀರಲ್ಲ ನೀವು."

ಡಾಕ್ಟರು ಮೊದಲ ಸಲ ನಕ್ಕರು. ಆಮೇಲೆ ಮಾತ್ರ ಮನಸ್ಸಿಟ್ಟು ಹೇಳಿದರು.

"ಆ ಸಿಹಿ ಇದೆಯಲ್ಲ, ಅದು ಹೇಗೆ ಮೈಯೊಳಗೆ ಹೋಗುತ್ತೋ ಹಾಗೇ ಇದ್ರೆ ಲಿವರ್‌ಗೆ ಇಷ್ಟು ಹಾನಿ ಮಾಡಲ್ಲ. ಹೊರಗೆ ಹಾಕೋಕೆ ಅಂತ ಲಿವರ್ ಅದನ್ನ ಒಡೆಯುತ್ತೆ. ಒಡೆದಾಗ ಹುಟ್ಟೋ ಚೂರೇ ವಿಷ. ಕೊಬ್ಬು ತುಂಬಿದ ಲಿವರ್‌ನಲ್ಲಿ ಈ ಒಡೆಯೋ ಕೆಲಸ ಜೋರಾಗಿರುತ್ತೆ. ಚೂರುಗಳನ್ನ ತಣ್ಣಗೆ ಮಾಡೋ ಶಕ್ತಿ ಕಡಿಮೆ ಇರುತ್ತೆ. ಉಳಿದವರ ಮೈ ತಡೆದುಕೊಂಡಿದ್ದನ್ನ ಇವರ ಮೈ ತಡೆದುಕೊಳ್ಳದೆ ಇರಬಹುದು."

ಇರಬಹುದು. ಜಿಗಣೆ ಪೆನ್ನು ತೆಗೆದು, ಅದನ್ನೇ ಬರೆದುಕೊಡಿ ಎಂದಳು. ಡಾಕ್ಟರು ಹಿಂದೆ ಸರಿದರು. ದಪ್ಪ ಇರುವವರೆಲ್ಲರಿಗೂ ಹೀಗೇ ಆಗುವುದಿಲ್ಲ. ಎಲ್ಲ ರಾಸಾಯನಿಕಕ್ಕೂ ಈ ಲೆಕ್ಕ ಹೊಂದುವುದಿಲ್ಲ. ಒಬ್ಬ ರೋಗಿಯನ್ನು ನೋಡಿ ತೀರ್ಮಾನ ಹೇಳಲಾಗುವುದಿಲ್ಲ. ಹತ್ತು ನಿಮಿಷದಲ್ಲಿ ಅವರ ಬಾಯಿಂದ ಏಳು 'ಬಹುದು' ಬಂದವು, ಅವಳು ಎಣಿಸಿದ್ದಳು. ಸಾಹೇಬರ ಮುಂದೆ ಒಂದು 'ಬಹುದು' ಇಟ್ಟರೂ ಕಿಟಕಿಯಿಂದ ಆಚೆ ಎಸೆಯುತ್ತಾರೆ.

ಎದ್ದು ಹೊರಟವಳನ್ನು ಡಾಕ್ಟರೇ ತಡೆದರು.

"ಉಳಿದ ಮೂವರ ರಕ್ತ ತಂದುಕೊಡಿ. ಕೋಣೆಯ ಗಾಳಿಯೇ ಕಾರಣ ಆದ್ರೆ ಅವರ ಲಿವರ್‌ಗೂ ಸ್ವಲ್ಪವಾದ್ರೂ ಪೆಟ್ಟು ಬಿದ್ದಿರಬೇಕು. ಬಿದ್ದಿಲ್ಲ ಅಂದ್ರೆ ನಾನು ಹೇಳಿದ್ದನ್ನೆಲ್ಲ ಮರೆತುಬಿಡಿ."

ಕಾರ್ಖಾನೆಯ ಮೇಸ್ತ್ರಿ ಇವಳನ್ನು ಕಂಡ ಕೂಡಲೇ ಮುಖ ಗಂಟಿಕ್ಕಿದ. ನಿನ್ನೆ ಎರಡು ಸಲ ಬಂದಾಗಲೂ ಅವನದು ಒಂದೇ ರಾಗ: ನಾಲ್ವರಲ್ಲಿ ಮೂವರು ಊಟ ಮಾಡಿಕೊಂಡು ಆರಾಮಾಗಿದ್ದಾರೆ, ಆದ್ದರಿಂದ ನನ್ನ ಕೋಣೆಯಲ್ಲಿ ದೋಷವಿಲ್ಲ. ಆ ಮಾತಿಗೆ ನಿನ್ನೆ ಉತ್ತರವಿರಲಿಲ್ಲ ಎಂಬುದೇ ಅವಳನ್ನು ರಾತ್ರಿಯಿಡೀ ಕಾಡಿತ್ತು.

ಜೊತೆಯಲ್ಲಿ ಬಂದ ನರ್ಸು ಮೂವರ ರಕ್ತ ತೆಗೆದಳು. ಜಿಗಣೆ ಅವರನ್ನು ಯಂತ್ರ ತೂಗುವ ಕಬ್ಬಿಣದ ತಕ್ಕಡಿಯ ಮೇಲೆ ಒಬ್ಬೊಬ್ಬರನ್ನಾಗಿ ನಿಲ್ಲಿಸಿದಳು. ಹುರಿಗಾಳಿನಂಥ ಮುದುಕ, ಎಲ್ಲರ ಬಾಯಲ್ಲಿ ತಾತ, ಐವತ್ತೆರಡು ಕಿಲೋ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು ಎನ್ನುವಂಥ ಮೌನಿ, ಅರವತ್ತಾರು. ಹೊಟ್ಟೆಯನ್ನು ಒಳಗೆಳೆದುಕೊಂಡು ತಕ್ಕಡಿ ಹತ್ತಿದ ಪೈಲ್ವಾನ, ತೊಂಬತ್ತೇಳು.

"ಉಸಿರು ಬಿಡಯ್ಯಾ, ಹೊಟ್ಟೆ ಒಳಗೆಳೆದ್ರೆ ತೂಕ ಕಡಿಮೆ ತೋರಿಸಲ್ಲ," ಎಂದ ತಾತ. ಪೈಲ್ವಾನ ನಗುತ್ತಲೇ ಇಳಿದ. ಅವನ ಕಣ್ಣಿನ ಬಿಳುಪು ಬೆಳ್ಳಗೇ ಇತ್ತು. ಇಷ್ಟು ಗಟ್ಟಿಮುಟ್ಟಾಗಿರುವವನ ರಕ್ತದಲ್ಲಿ ಏನು ಸಿಕ್ಕೀತು?

ರಕ್ತದ ವರದಿ ಬರುವಷ್ಟರಲ್ಲಿ ಜಿಗಣೆ ಸಿಹಿ ಕೋಣೆಯನ್ನು ಇನ್ನೊಮ್ಮೆ ನೋಡಿದಳು. ಮೊಣಕಾಲೆತ್ತರದ ತೊಟ್ಟಿ, ಅದರ ಮುಂದೆ ಗಿಡ್ಡ ಸ್ಟೂಲು, ಬಿಡಿಭಾಗ ಅದ್ದುವ ತಂತಿಯ ಬುಟ್ಟಿ. ಫ್ಯಾನು ಇದ್ದ ಗುಂಡು ಕಿಂಡಿಗೆ ಗೋಣಿತಟ್ಟು ತುರುಕಿದ್ದರು. ಬೀದಿಯ ಧೂಳು ತೊಳೆದ ಭಾಗಗಳ ಮೇಲೆ ಬೀಳಬಾರದಂತೆ. ವಾಸನೆ ಮುಂದಿನ ಗಿರಾಕಿಗಳಿಗೆ ಹೋಗಬಾರದೆಂದು ಬಾಗಿಲೂ ಹಾಕಿದ್ದರು. ಸಾಮಾನಿಗೆ ಧೂಳು ತಾಗಬಾರದು, ಗಿರಾಕಿಯ ಮೂಗಿಗೆ ವಾಸನೆ ತಾಗಬಾರದು. ಒಳಗೆ ಕೂತವನಿಗೆ ಏನು ತಾಗಿದರೂ ಕೇಳುವವರಿಲ್ಲ. ಅವಳಿಗೆ ಆ ಗೋಣಿತಟ್ಟನ್ನು ಎಳೆದು ಮೇಸ್ತ್ರಿಯ ಮುಖಕ್ಕೆ ಎಸೆಯಬೇಕೆನಿಸಿತು.

ಬಾಗಿಲ ಪಕ್ಕದಲ್ಲಿ ಸರದಿಯ ಹಲಗೆ. ಎಡಕ್ಕೆ ಕೆಲಸದವರ ಅಡ್ಡಹೆಸರುಗಳನ್ನು ಬಿಳಿ ಬಣ್ಣದಲ್ಲಿ ಬರೆದಿತ್ತು, ಬಲಕ್ಕೆ ದಿನದಿನದ ಸೀಮೆಸುಣ್ಣದ ಗೀಟು. ನಾಲ್ವರಿಗೂ ಮೂರು ಮೂರು ಗೀಟು. ನಿನ್ನೆಯೂ ಅವಳು ಗೀಟುಗಳನ್ನೇ ಎಣಿಸಿದ್ದಳು. ಇವತ್ತು ಕಣ್ಣು ಹೆಸರುಗಳ ಮೇಲೆ ನಿಂತಿತು. ಮೂರು ಹೆಸರು ಮಾಸಿ, ಅಲ್ಲಲ್ಲಿ ಚಕ್ಕೆ ಎದ್ದಿದ್ದವು. 'ಡೋಲು' ಮಾತ್ರ ಹಾಲಿನಷ್ಟು ಬೆಳ್ಳಗಿತ್ತು. ಅದರ ಸುತ್ತ ಹಳೆಯ ಬಣ್ಣವನ್ನು ಯಾರೋ ಕೆರೆದು ತೆಗೆದ ಗುರುತೂ ಇತ್ತು.

ಕೇಳೋಣವೆಂದರೆ ಮೇಸ್ತ್ರಿ ಅಲ್ಲಿರಲಿಲ್ಲ. ಗಿರಾಕಿಯನ್ನು ನೋಡಲು ಹೋದನೆಂದರು.

ಮೂರೂಕಾಲಿಗೆ ಡಾಕ್ಟರ ಫೋನು ಬಂತು. ತಾತನಿಗೆ ಎಲ್ಲ ಸರಿ, ಲಿವರಿನ ಪೆಟ್ಟು ತೋರಿಸುವ ಅಂಶ ಕೂದಲೆಳೆಯಷ್ಟು ಹೆಚ್ಚು. ಮೌನಿಗೆ ಇರಬೇಕಾದುದರ ಎರಡರಷ್ಟು. ಪೈಲ್ವಾನನಿಗೆ ಹನ್ನೊಂದರಷ್ಟು.

"ಅವರು ಎಲ್ಲಿದ್ದಾರೆ? ಈಗಲೇ ಕರ್ಕೊಂಡು ಬನ್ನಿ," ಎಂದರು ಡಾಕ್ಟರು. ದನಿಯಲ್ಲಿ ಒಂದೂ 'ಬಹುದು' ಇರಲಿಲ್ಲ.

ಪೈಲ್ವಾನ ಅದೇ ಹೊತ್ತಿಗೆ ಊಟದ ಡಬ್ಬಿ ತೊಳೆಯುತ್ತಿದ್ದನಂತೆ. ತನಗೇನೂ ಆಗಿಲ್ಲವೆಂದು ಅವನು ಹಟ ಹಿಡಿದ. ತಾತನೂ ಮೌನಿಯೂ ಎರಡು ರಟ್ಟೆ ಹಿಡಿದು ಗಾಡಿ ಹತ್ತಿಸಿದರು.

ಡಾಕ್ಟರು ಒಂದು ಪುಟ ಬರೆದುಕೊಟ್ಟರು. ಮೂರ್ನಾಲ್ಕು ಜನರಿಂದ ನಿಯಮ ಹೇಳಲಾಗದು ಎಂಬ ಸಾಲು ಅದರಲ್ಲೂ ಇತ್ತು. ಆದರೂ ಕೋಣೆಯ ಗಾಳಿ ನಾಲ್ವರ ಲಿವರನ್ನೂ ಮುಟ್ಟಿದೆ, ಮೈಭಾರ ಹೆಚ್ಚಿದಂತೆ ಪೆಟ್ಟೂ ಹೆಚ್ಚಿದೆ, ಪುಡಿಗೂ ಇದಕ್ಕೂ ಸಂಬಂಧ ಕಾಣುವುದಿಲ್ಲ ಎಂದು ಸ್ಪಷ್ಟವಾಗಿತ್ತು.

ದೊಡ್ಡ ಸಾಹೇಬರು ಆ ಪುಟವನ್ನು ಎರಡು ಸಲ ಓದಿದರು. ಹಾಗಾದರೆ ಇದು ಅಪಘಾತ, ಕಾರ್ಖಾನೆಯವರ ಅಸಡ್ಡೆ ಎಂದು ಒಪ್ಪಿಕೊಂಡರು. ಒಪ್ಪಿಕೊಂಡದ್ದೂ ಬಯ್ದ ಹಾಗೇ ಇತ್ತು.

"ಬಿಡ್ತೀನಿ. ಆದ್ರೆ ನಿಮ್ಮ ಸಹಿ ಮೇಲೆ. ನಾಳೆ ಹೆಚ್ಚುಕಡಿಮೆ ಆದ್ರೆ ನಿಮ್ಮ ಕೆಲಸ ಉಳಿಸೋಕೆ ನಾನು ಬರಲ್ಲ."

ಜಿಗಣೆ ಸಹಿ ಹಾಕಿದಳು. ನಾಲ್ಕು ಗಂಟೆಗೆ ಆ ಹೆಂಗಸು ಬೆಂಚಿನಿಂದ ಎದ್ದಳು. ಮೊದಲು ಗಂಡನನ್ನು ನೋಡಿ, ಆಮೇಲೆ ಮಗಳ ಹತ್ತಿರ ಹೋಗುತ್ತೇನೆ ಎಂದಳು. ಜಿಗಣೆಯ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು. ಬೆರಳುಗಳು ಮಂಜುಗಡ್ಡೆಯ ಹಾಗಿದ್ದವು.

ಅಲ್ಲಿಗೆ ಮನೆಗೆ ಹೋಗಿ ಕಾಲು ಚಾಚಬಹುದಿತ್ತು. ಆ ಬಿಳಿ ಬಣ್ಣ ಬಿಡಲಿಲ್ಲ.

ಮೇಸ್ತ್ರಿ ತನ್ನ ಗಾಜಿನ ಗೂಡಿನಲ್ಲಿ ಬೀಗದ ಕೈ ಹುಡುಕುತ್ತಿದ್ದ. ಜಿಗಣೆ ಸರದಿಯ ಹಲಗೆಯನ್ನು ಗೋಡೆಯಿಂದ ಕಳಚಿ ತಂದು ಅವನ ಮೇಜಿನ ಮೇಲಿಟ್ಟಳು.

"ಇದನ್ನ ಯಾವಾಗ ಬರೆದ್ರಿ?"

"ಬಣ್ಣ ಮಾಸಿತ್ತು ಮೇಡಂ. ತಿರುಗಿ ಬರೆದೆ."

"ಮಾಸಿದ್ದು ಇವನದೊಂದೇನಾ?"

ಮೇಸ್ತ್ರಿ ಹಲಗೆ ನೋಡಿದ, ಗಡಿಯಾರ ನೋಡಿದ. ಜಿಗಣೆ 'ಡೋಲು' ಮೇಲೆ ಉಗುರಿಟ್ಟು ಒತ್ತಿದಳು. ದಪ್ಪಗೆ ಬಳಿದ ಕಡೆ ಬಣ್ಣ ಇನ್ನೂ ಮೆತ್ತಗಿತ್ತು. ಉಗುರಿನ ಅಚ್ಚು ಬಿತ್ತು.

"ಒಂದು ವಾರವೂ ಆಗಿಲ್ಲ. ಇದರ ಕೆಳಗಿದ್ದ ಹೆಸರನ್ನ ಕೆರೆದು ತೆಗೆದದ್ದು ಯಾರು?"

"ನಾನೇ."

"ಯಾಕೆ?"

"ಹಳೇ ಮಾತು ಬಿಡಿ."

"ನೋಡಿ, ಪೈಲ್ವಾನ ಈಗ ಡೋಲಣ್ಣನ ಪಕ್ಕದ ವಾರ್ಡಿನಲ್ಲಿ ಮಲಗಿದಾನೆ. ಆ ಗೋಣಿತಟ್ಟು ತುರುಕಿಸಿದ್ದು ನೀವು. ಬಾಗಿಲು ಹಾಕಿಸಿದ್ದು ನೀವು. ಇನ್ನೂ ಮುಚ್ಚಿಟ್ಟರೆ ಇಬ್ಬರ ಪ್ರಾಣಕ್ಕೂ ನೀವೇ ಉತ್ತರ ಹೇಳಬೇಕಾಗುತ್ತೆ."

ಪೈಲ್ವಾನನ ಸುದ್ದಿ ಅವನಿಗೆ ಮುಟ್ಟಿರಲಿಲ್ಲ. ಮೇಸ್ತ್ರಿ ಕುರ್ಚಿಯಲ್ಲಿ ಕುಸಿದ. ಜಿಡ್ಡು ಹಿಡಿದ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ಹತ್ತು ತಿಂಗಳು ಅವನು ಆ ಕೋಣೆಗೆ ಕಾಲಿಟ್ಟಿರಲಿಲ್ಲ," ಎಂದ ಕೊನೆಗೆ. "ತಾತ, ಮೌನಿ, ಪೈಲ್ವಾನ, ಮೂರೇ ಜನ ಮಾಡ್ತಿದ್ರು. ಗುರುವಾರ ಬೆಳಗ್ಗೆ ಅವನ ಹೆಸರು ಮತ್ತೆ ಬರೆದೆ."

ಮೇಜಿನ ಕೆಳಗಿನ ಡ್ರಾ ಎಳೆದು ಒಂದು ಫೈಲು ಹೊರಗಿಟ್ಟ. ನಿನ್ನೆ ಅವಳು ಕೇಳಿದಾಗ ಇಂಥ ಫೈಲೇ ಇಲ್ಲವೆಂದು ಆಣೆ ಹಾಕಿದ್ದ.

ಮೊದಲನೆಯ ಕಾಗದ ಹತ್ತು ತಿಂಗಳ ಹಿಂದಿನದು. ವರ್ಷಕ್ಕೊಮ್ಮೆ ಕೆಲಸದವರ ತಪಾಸಣೆಗೆ ಬರುವ ವೈದ್ಯರು ಬರೆದದ್ದು. ಲಿವರಿನಲ್ಲಿ ಕೊಬ್ಬು ಬಹಳ ತುಂಬಿದೆ. ದ್ರಾವಕದ ತೊಟ್ಟಿಯ ಹತ್ತಿರ ಈ ಮನುಷ್ಯನನ್ನು ಬಿಡಬಾರದು. ಉಳಿದವರಿಗೆ ತಡೆಯುವ ಗಾಳಿ ಇವನಿಗೆ ತಡೆಯದೇ ಹೋಗಬಹುದು. ಕೆಳಗೆ ಇನ್ನೊಂದು ಕೈಬರಹ: 'ಓದಿ ತಿಳಿದುಕೊಂಡಿದ್ದೇನೆ.' ಅದರ ಕೆಳಗೆ ಸಹಿ.

"ಯಾರ ಸಹಿ ಇದು?"

"ಅವನ ಹೆಂಡತಿದು. ಈ ಗಂಡಸರ ಕೈಗೆ ಚೀಟಿ ಕೊಟ್ರೆ ದಾರಿಯಲ್ಲೇ ಮುದುರಿ ಬಿಸಾಕ್ತಾರೆ ಮೇಡಂ. ಅದಕ್ಕೇ ಮನೆಯವರ ಸಹಿ ಹಾಕಿಸ್ಕೊಂಡು ಬರಬೇಕು ಅಂತ ನಾನೇ ಪದ್ಧತಿ ಮಾಡಿದ್ದೆ. ಮನೆಯವರಿಗೆ ಗೊತ್ತಿದ್ರೆ ಜೋಪಾನ ಮಾಡ್ತಾರಲ್ಲ ಅಂತ."

ಜಿಗಣೆ ಕಾಗದವನ್ನು ಬೆಳಕಿಗೆ ಹಿಡಿದಳು. ಆ ಕೈಬರಹ ಅವಳಿಗೆ ಹೊಸದಲ್ಲ. ನಿನ್ನೆ ಆ ಹೆಂಗಸು ಕೊಟ್ಟ ಹೇಳಿಕೆಯ ಐದೂ ಪುಟ ಇದೇ ಅಕ್ಷರ, ಇದೇ ಎಡಕ್ಕೆ ವಾಲಿದ ಸಹಿ.

ಎರಡನೆಯ ಕಾಗದಕ್ಕೆ ಕಳೆದ ಬುಧವಾರದ ತಾರೀಕು. ಫ್ಯಾನು ಸುಟ್ಟ ದಿನ; ಆ ಸುದ್ದಿ ಸಂಜೆಯೇ ಡೋಲಣ್ಣನ ಮನೆ ಮುಟ್ಟಿರಬೇಕು. 'ನನ್ನ ಗಂಡನಿಗೆ ಮೊಣಕಾಲು ನೋವು ಜಾಸ್ತಿಯಾಗಿದೆ. ನಿಂತು ಮಾಡುವ ಕೆಲಸ ಬೇಡ. ದಯವಿಟ್ಟು ನಾಳೆಯಿಂದ ಸಿಹಿ ಕೋಣೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಹಾಕಿ. ಲಿವರಿನ ವಿಷಯದಲ್ಲಿ ಏನಾದರೂ ಆದರೆ ಹೊಣೆ ನಮ್ಮದು.' ಅದೇ ಅಕ್ಷರ. ಅದೇ ಸಹಿ.

ಕಾರ್ಖಾನೆಯ ಬಾಗಿಲು ಸಹ ನೋಡದ ಹೆಂಗಸಿಗೆ ಸಿಹಿ ಕೋಣೆ ಗೊತ್ತಿತ್ತು. ಅಲ್ಲಿ ಕೂತು ಕೆಲಸ ಮಾಡುತ್ತಾರೆಂಬುದೂ ಗೊತ್ತಿತ್ತು.

"ಇದನ್ನ ಯಾರು ತಂದುಕೊಟ್ರು?"

"ಡೋಲಣ್ಣನೇ, ಗುರುವಾರ ಬೆಳಗ್ಗೆ. ಲಕೋಟೆಗೆ ಅಂಟು ಹಾಕಿತ್ತು. ನಾನು ಒಡೆದು ಓದೋವಾಗ ಏನು ಬರೆದಿದ್ದಾಳೆ ಅಂತ ನನ್ನನ್ನೇ ಕೇಳಿದ. ಓದಿ ಹೇಳಿದೆ. ಆಮೇಲೆ, ಅವಳು ಹೇಳಿದ ಮೇಲೆ ಸರಿ ಬಿಡಿ ಅಂದ. ಪಾಪ, ಕಾಲು ನೋವಿರೋದು ನಿಜವೇ. ನಾನೂ ಒಳ್ಳೇದಾಗಲಿ ಅಂತಲೇ ಹಾಕಿದ್ದು. ಕೆಲಸ ಹೋಗುತ್ತೆ ಅಂತ ಮುಚ್ಚಿಟ್ಟೆ."

ಜಿಗಣೆ ಅವನ ಮಾತು ಕೇಳುವುದನ್ನು ಅರ್ಧಕ್ಕೇ ಬಿಟ್ಟಿದ್ದಳು. ಎರಡು ದಿನ ಎಲ್ಲರೂ ಡಬ್ಬಿಯಲ್ಲಿ ವಿಷ ಹುಡುಕಿದ್ದರು. ವಿಷ ತರಬೇಕಾದ ಅಗತ್ಯವೇ ಇರಲಿಲ್ಲ. ನಾಲ್ವರು ಕೂರುವ ಕೋಣೆಯಲ್ಲಿ ಒಬ್ಬನನ್ನು ಕೂರಿಸಿದರೆ ಸಾಕು; ಮೂವರು ಎದ್ದು ಮನೆಗೆ ಹೋಗುತ್ತಾರೆ, ನಾಲ್ಕನೆಯವನು ಹೋಗುವುದಿಲ್ಲ. ಅದು ಹೇಗೆಂದು ಡಾಕ್ಟರ ಕೈಯಲ್ಲಿ ಬರೆಸಿಕೊಂಡು, ಸಾಹೇಬರಿಗೆ ಓದಿಸಿ, ಆ ಹೆಂಗಸಿಗೆ ಬಾಗಿಲು ತೆರೆದವಳು ತಾನೇ. ತನ್ನ ಮೇಲೆ ತನಗೇ ಬಂದ ಸಿಟ್ಟಿನಲ್ಲಿ ಅವಳು ಎರಡೂ ಕಾಗದಗಳನ್ನು ಫೈಲಿನಿಂದ ಎಳೆದುಕೊಂಡಳು. ಅಥವಾ ಮೊಣಕಾಲಿನ ನೋವು ನೋಡಲಾರದೆ ಬರೆದ ಪತ್ರವೇ ಇದು? ಹಾಗಿದ್ದರೆ ಏನೂ ಗೊತ್ತಿಲ್ಲವೆಂದು ಸುಳ್ಳು ಹೇಳಿದ್ದೇಕೆ?

ಐದೂ ಇಪ್ಪತ್ತು. ಮೇಸ್ತ್ರಿಯ ಫೋನಿನಿಂದಲೇ ಆಸ್ಪತ್ರೆಗೆ ಕರೆ ಮಾಡಿದಳು. ಡೋಲಣ್ಣನ ವಾರ್ಡಿನ ನರ್ಸು ಎತ್ತಿದಳು.

"ಅವನ ಹೆಂಡತಿ ಬಂದಿದಾಳಾ?"

"ಬಂದಿದ್ರು ಮೇಡಂ, ನಾಲ್ಕೂವರೆಗೆ. ಒಳಗೆ ಹೋಗೋಕಾಗಲಿಲ್ಲ. ಅವರ ಗಂಡನ ಅಕ್ಕ ಬಾಗಿಲಲ್ಲೇ ನಿಂತು ವಾಪಸ್ ಕಳಿಸಿದ್ರು. ಜಗಳ ಆಡದೆ ಹೋಗಿಬಿಟ್ರು."

"ಎಲ್ಲಿಗೆ?"

"ಗೊತ್ತಿಲ್ಲ."

ಹೆಂಡತಿ ಒಳಗೆ ಹೋಗಿಲ್ಲ ಎನ್ನುವುದೇ ಸದ್ಯದ ಸಮಾಧಾನ. ರೋಗಿ ಹೇಗಿದ್ದಾನೆ ಎಂದು ಜಿಗಣೆ ಕೇಳಿದಳು.

"ಐದು ಗಂಟೆಗೆ ಕಣ್ಣು ಬಿಟ್ರು. ಒಂದೆರಡು ಮಾತೂ ಆಡಿದ್ರು. ಆದ್ರೆ ಲಿವರ್ ಕೆಟ್ಟಾಗ ತಲೆ ನೆಟ್ಟಗಿರಲ್ಲ ಮೇಡಂ, ಏನೇನೋ ಬಡಬಡಿಸ್ತಾರೆ. ಅದನ್ನ ಲೆಕ್ಕಕ್ಕೆ ತಗೋಬಾರದು."

"ಏನಂದ, ಅದನ್ನ ಹೇಳಿ."

"ಆ ಕಾಗದ ನನ್ನ ಹೆಂಡತಿ ತಾನಾಗಿ ಬರೆದಿದ್ದಲ್ಲ, ಅವಳ ಕೈಲಿ ಬರೆಸಿದ್ದು ಅಂದ್ರು. ಅಕ್ಕನ್ನ ನನ್ನ ಹತ್ರ ಬಿಡಬೇಡಿ ಅಂತ ಎರಡು ಸಲ ಅಂದ್ರು. ಯಾವ ಕಾಗದ ಅಂತ ನಮಗೇನು ಗೊತ್ತು? ಭ್ರಮೆ ಇರಬೇಕು ಅಂದ್ಕೊಂಡ್ವಿ."

ಜಿಗಣೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದಿದ್ದಳು.

"ಈಗ ಅವನ ಹತ್ತಿರ ಯಾರಿದ್ದಾರೆ?"

"ಅವರ ಅಕ್ಕನೇ. ತಮ್ಮ ನಿದ್ದೆ ಮಾಡ್ಲಿ ಅಂತ ಬಾಗಿಲು ಹಾಕ್ಕೊಂಡಿದಾರೆ."